ಬೆಡ್ ಇಲ್ಲ ಅಂದರೆ, ಬರೆದು ಕೊಡಿ ಅನ್ನಿ

ಪ್ರಶ್ನೆ: ನನಗೆ 72 ವರ್ಷ, ಮನೆಯವಳಿಗೆ 69. ಬೆಂಗಳೂರಿನ ಎ.ಜಿ. (ಅಕೌಂಟೆಂಟ್ ಜನರಲ್) ಆಫೀಸಿನಲ್ಲಿದ್ದು ನಿವೃತ್ತನಾದವನು, ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ಕಾರ್ಡ್ ಇದೆ. ಅವಳ ಮಂಡಿ ಸವೆದು ಹೋಗಿದೆ, ಬದಲಿಸಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಜೊತೆಗೆ ಶುಗರ್, ಬಿ.ಪಿ. ಆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ, ‘ಸಿಜಿಎಚ್‌ಎಸ್ ಬೆಡ್ ಖಾಲಿ ಇಲ್ಲ, ಎರಡು ತಿಂಗಳು ಕಾಯಿರಿ’ ಅಂದರು. ಎದ್ದು ಹೊರಡುವಾಗ, ‘ಕ್ಯಾಷ್ ಆದರೆ ಈ ವಾರವೇ ಮಾಡಬಹುದು’ ಅಂದರು. ನಮ್ಮನ್ನು ವರ್ಷಗಳಿಂದ ನೋಡುತ್ತಿದ್ದ ಬಡಾವಣೆಯ ನರ್ಸಿಂಗ್ ಹೋಮ್ ಕೂಡ ಈಗ ಯೋಜನೆಯಿಂದ ಹೊರಬಿದ್ದಿದೆ. ಬಿಟ್ಟಿ ಚಿಕಿತ್ಸೆ ಬೇಡಲು ಬಂದವರ ಹಾಗೆ ನಮ್ಮನ್ನು ನೋಡುತ್ತಾರೆ. ಪುಣೆಯಲ್ಲಿರುವ ಮಗ, ‘ಎಫ್‌ಡಿ ಮುರಿದು ಕಟ್ಟಿಬಿಡಿ, ಆಮೇಲೆ ಕ್ಲೇಮ್ ಮಾಡಿದರಾಯಿತು’ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಮಾನ್ಯರೇ, ಎಫ್‌ಡಿಗೆ ಸದ್ಯ ಕೈ ಹಾಕಬೇಡಿ. ಅದರ ಲೆಕ್ಕ ಆಮೇಲೆ ನೋಡೋಣ, ಮೊದಲು ಆ ‘ಬಿಟ್ಟಿ’ಯ ಮಾತು. ಕೆಲಸದಲ್ಲಿದ್ದಾಗ ತಿಂಗಳು ತಿಂಗಳೂ ನಿಮ್ಮ ಸಂಬಳದಿಂದ ಚಂದಾ ಮುರಿದುಕೊಂಡಿದ್ದಾರೆ. ನಿವೃತ್ತರಾದವರು ಹತ್ತು ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಜೀವಮಾನದ ಕಾರ್ಡ್ ಸಿಗುತ್ತದೆ. ಕೌಂಟರಿನ ಹುಡುಗನಿಗೆ ಇದು ಗೊತ್ತಿಲ್ಲದಿರಬಹುದು. ನೀವು ಮರೆಯಬಾರದು.

ಆದರೆ ಎದುರಿಗೆ ಕೂತ ಡಾಕ್ಟರ ಕಡೆಯ ಲೆಕ್ಕವನ್ನೂ ಒಮ್ಮೆ ನೋಡಿ. ಲೆಕ್ಕ ನೋಡುವುದು ನಿಮಗೆ ಹೊಸದಲ್ಲವಲ್ಲ. ಸಿಜಿಎಚ್‌ಎಸ್ ರೋಗಿಯನ್ನು ತಜ್ಞ ವೈದ್ಯರು ಹೊರರೋಗಿಯಾಗಿ ನೋಡಿದರೆ ಸಿಗುತ್ತಿದ್ದುದು 150 ರೂಪಾಯಿ. 2023ರ ಏಪ್ರಿಲ್‌ನಲ್ಲಿ ಅದು 350 ಆಯಿತು. ಶಸ್ತ್ರಚಿಕಿತ್ಸೆಗಳ ಪ್ಯಾಕೇಜ್ ದರಗಳ ಕಥೆ ಇನ್ನೂ ನಿಧಾನ. 2014ರ ದರಪಟ್ಟಿಯೇ ಹೆಚ್ಚೂಕಡಿಮೆ ಹನ್ನೊಂದು ವರ್ಷ ನಡೆಯಿತು. ದೊಡ್ಡ ಪರಿಷ್ಕರಣೆ ಬಂದದ್ದು 2025ರ ಅಕ್ಟೋಬರ್ 13ರಿಂದ, ಸುಮಾರು 2,000 ಚಿಕಿತ್ಸೆಗಳಿಗೆ. ನಡುವಿನ ವರ್ಷಗಳಲ್ಲಿ ನರ್ಸುಗಳ ಸಂಬಳ, ಕಟ್ಟಡದ ಬಾಡಿಗೆ, ಕರೆಂಟು, ಔಷಧಿ ಯಾವುದೂ ನಿಂತು ಕಾಯಲಿಲ್ಲ. ಬಿಲ್ ಕಳಿಸಿದ ಮೇಲೆ ಹಣ ತಡವಾಗಿ ಬರುತ್ತದೆ, ಬಂದಾಗಲೂ ಅಲ್ಲಿಷ್ಟು ಇಲ್ಲಿಷ್ಟು ಕಡಿತ ಎಂಬುದು ಆಸ್ಪತ್ರೆಗಳ ಹಳೆಯ ದೂರು. ನನ್ನ ಮಟ್ಟಿಗೆ ಇದು ಉಳಿತಾಯವಲ್ಲ. ಸರ್ಕಾರ ತಾನು ಕೊಡಬೇಕಾದ್ದನ್ನು ಕೊಡದೆ, ಆ ಖರ್ಚನ್ನು ಸದ್ದಿಲ್ಲದೆ ನಿಮ್ಮಂಥ ಪಿಂಚಣಿದಾರರ ಕಾಯುವಿಕೆಗೆ ವರ್ಗಾಯಿಸಿದೆ.

ದರಕ್ಕಿಂತ ಒಳಗಿನ ಇನ್ನೊಂದು ತೊಡಕು ಇದೆ. ನಿಮ್ಮ ಮನೆಯವರಿಗೆ ತಟ್ಟಿರುವುದು ಬಹುಶಃ ಅದೇ. ಪ್ಯಾಕೇಜ್ ಅಂದರೆ ಕೊಠಡಿ, ಆಪರೇಷನ್ ಥಿಯೇಟರ್, ಅರಿವಳಿಕೆ, ಸರ್ಜನ್ ಫೀಸು, ಔಷಧಿ, ಮಾಮೂಲಿ ಪರೀಕ್ಷೆ ಎಲ್ಲ ಸೇರಿ ಒಂದೇ ಮೊತ್ತ, ಇಂತಿಷ್ಟು ದಿನಕ್ಕೆ ಅಂತ. ಬೇರೆ ಕಾಯಿಲೆಯಿಲ್ಲದ ಐವತ್ತರವರ ಮಂಡಿಗೂ, ಶುಗರ್ ಇರುವ ಅರವತ್ತೊಂಬತ್ತರವರ ಮಂಡಿಗೂ ಅದೇ ಮೊತ್ತ. ಎರಡನೆಯವರಿಗೆ ಆಪರೇಷನ್ ಮುಂಚೆ ಶುಗರ್ ಹತೋಟಿಗೆ ತರಬೇಕು, ಫಿಜಿಷಿಯನ್ನರನ್ನು ಕರೆಸಬೇಕು, ಗಾಯ ಮಾಯುವುದು ತಡವಾದರೆ ಎರಡು ದಿನ ಜಾಸ್ತಿ ಇಟ್ಟುಕೊಳ್ಳಬೇಕು. ಕನ್ಸಲ್ಟೇಷನ್‌ನಲ್ಲೂ ಹೀಗೆಯೇ. ನೆಗಡಿಗೆ ಬಂದ ಯುವಕ ಐದು ನಿಮಿಷದಲ್ಲಿ ಎದ್ದು ಹೋಗುತ್ತಾನೆ. ನಮ್ಮ ವಯಸ್ಸಿನವರು ಮಾತ್ರೆಗಳ ಚೀಲ ಬಿಚ್ಚಿ, ರಿಪೋರ್ಟುಗಳನ್ನು ಹರಡಿ ಕೂತರೆ ಅರ್ಧ ಗಂಟೆ. ಫೀಸು ಒಂದೇ. ಹಾಗಾಗಿ ಸರಳ ಕೇಸಿಗೆ ಬೆಡ್ ಸಿಗುತ್ತದೆ, ತೊಡಕಿನ ಕೇಸಿಗೆ ‘ಎರಡು ತಿಂಗಳು ಬಿಟ್ಟು ಬನ್ನಿ’. ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸರ್ಜನ್ನರಿಗೇ ಎಷ್ಟೋ ಸಲ ಕೌಂಟರಿನಲ್ಲಿ ಏನು ಹೇಳಿ ಕಳಿಸಿದರು ಅಂತ ಗೊತ್ತಿರುವುದಿಲ್ಲ.

ನಿಮ್ಮ ಬಡಾವಣೆಯ ನರ್ಸಿಂಗ್ ಹೋಮ್ ಯಾಕೆ ಬಿಟ್ಟಿತೋ ನೀವು ಬರೆದಿಲ್ಲ. ಆದರೆ ನಿಯಮ ನೋಡಿದರೆ ಊಹಿಸಬಹುದು. ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಇಲ್ಲದ ಆಸ್ಪತ್ರೆಗೆ ಹೊಸ ಪಟ್ಟಿಯಲ್ಲೂ ದರ ಶೇ 15ರಷ್ಟು ಕಡಿಮೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಶೇ 15ರಷ್ಟು ಹೆಚ್ಚು. ಆ ಮಾನ್ಯತೆ ಪಡೆಯುವುದು, ಉಳಿಸಿಕೊಳ್ಳುವುದು ಗಂಡ ಹೆಂಡತಿ ಇಬ್ಬರೇ ಡಾಕ್ಟರಾಗಿ ನಡೆಸುವ ಹತ್ತು ಬೆಡ್ಡಿನ ಜಾಗಕ್ಕೆ ಸುಲಭವಲ್ಲ. ಅಂಥವರು ಹೊರಬಿದ್ದಷ್ಟೂ ಮುದುಕರು ಆಟೋ ಹಿಡಿದು ರಿಂಗ್ ರೋಡಿನ ದೊಡ್ಡ ಆಸ್ಪತ್ರೆಗೆ ಅಲೆಯಬೇಕು.

(ಅಮೆರಿಕದಲ್ಲಿ ಮಕ್ಕಳಿರುವವರು ‘ಅಲ್ಲಿ ಹೀಗಿಲ್ಲ’ ಅನ್ನಬಹುದು. ಅಲ್ಲಿಯ ಹಿರಿಯರ ಮೆಡಿಕೇರ್‌ನಲ್ಲಿ ವೈದ್ಯರ ಫೀಸು ಲೆಕ್ಕಹಾಕುವ ಮೂಲದರ 2001ರಲ್ಲಿ ಸುಮಾರು 38 ಡಾಲರ್ ಇತ್ತು, 2025ರಲ್ಲಿ ಸುಮಾರು 32. ಅಲ್ಲಿಯ ಡಾಕ್ಟರುಗಳೂ ಇದೇ ರಾಗ ಹಾಡುತ್ತಿದ್ದಾರೆ.)

ಇಷ್ಟೆಲ್ಲ ಹೇಳಿದ್ದು ಆಸ್ಪತ್ರೆಯನ್ನು ಕ್ಷಮಿಸಿ ಸುಮ್ಮನಿರಿ ಅಂತಲ್ಲ. ದರ ಸಾಲದು ಅನ್ನಿಸಿದರೆ ಅವರು ಪಟ್ಟಿಯಿಂದ ಹೊರಗೆ ಹೋಗಬಹುದು. ಪಟ್ಟಿಯಲ್ಲಿದ್ದುಕೊಂಡು ಕಾರ್ಡಿನವರಿಗೆ ಒಂದು ಬಾಗಿಲು, ಕ್ಯಾಷಿನವರಿಗೆ ಇನ್ನೊಂದು ಅನ್ನುವ ಹಾಗಿಲ್ಲ. ಪಿಂಚಣಿದಾರರಿಗೆ ಕ್ಯಾಷ್‌ಲೆಸ್ ಚಿಕಿತ್ಸೆ ಕೊಡುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿಯೇ ಅವರು ಪಟ್ಟಿಗೆ ಸೇರಿರುವುದು.

ಮೊದಲು ಕಾಗದ ಸರಿ ಮಾಡಿಕೊಳ್ಳಿ. ಎಪ್ಪತ್ತು ದಾಟಿದವರು ರೆಫರಲ್ ಇಲ್ಲದೆ ನೇರವಾಗಿ ತಜ್ಞರನ್ನು ಕಾಣಬಹುದೆಂದು 2024ರಲ್ಲಿ ಆದೇಶವಾಗಿದೆ. ಅದಕ್ಕೆ ಮೊದಲು ಆ ಮಿತಿ 75 ಇತ್ತು. ಹೊಸ ಆದೇಶ ನಿಮಗೆ ಅನ್ವಯಿಸುತ್ತದೆ, ಮನೆಯವರಿಗೆ ಇನ್ನೂ ಇಲ್ಲ. ಅವರಿಗೆ ನಿಮ್ಮ ಡಿಸ್ಪೆನ್ಸರಿಯಿಂದ ರೆಫರಲ್ ಬೇಕೇ ಬೇಕು. ಮಂಡಿ ಬದಲಿಗೆ ಬೇರೆ ಅನುಮತಿ ಬೇಕೇ ಎಂಬುದನ್ನೂ ಅಲ್ಲೇ ಕೇಳಿ. ಹೊಸ ದರದ ಜೊತೆಗೆ ಆಸ್ಪತ್ರೆಗಳು ಹೊಸ ಒಪ್ಪಂದ ಮಾಡಿಕೊಳ್ಳಬೇಕಾಗಿ ಬಂದಿದೆ. ಆದ್ದರಿಂದ ನೀವು ಹೋದ ಆಸ್ಪತ್ರೆ ಈಗಲೂ ಪಟ್ಟಿಯಲ್ಲಿದೆಯೇ ನೋಡಿ.

ಇದ್ದರೆ ಮತ್ತೆ ಹೋಗಿ. ಜಗಳ ಬೇಡ. ‘ಬೆಡ್ ಇಲ್ಲ ಅಂತ, ಯಾವ ತಾರೀಕಿಗೆ ಕೊಡುತ್ತೀರಿ ಅಂತ ಬರೆದು, ಸೀಲು ಹಾಕಿ ಕೊಡಿ’ ಅನ್ನಿ. ನಲವತ್ತು ವರ್ಷ ಬೇರೆಯವರ ಬಿಲ್ಲಿಗೆ ಆಕ್ಷೇಪಣೆ ಬರೆದ ಆಫೀಸಿನವರು ನೀವು, ಬಾಯಿಮಾತಿಗೆ ಎದ್ದು ಬಂದಿದ್ದೀರಲ್ಲ! ನಿಮ್ಮ ದರ್ಜೆಯ ವಾರ್ಡ್ ನಿಜಕ್ಕೂ ತುಂಬಿದ್ದರೆ, ಕೆಳಗಿನ ದರ್ಜೆಗೆ ಒಪ್ಪಿದರೆ ಬೇಗ ಆಗುತ್ತದೆಯೇ ಕೇಳಿ. ಬರೆದುಕೊಡಲು ಒಪ್ಪದಿದ್ದರೆ ಹೋದ ದಿನ, ಹೊತ್ತು, ಯಾರು ಏನೆಂದರು ಎಂಬುದನ್ನು ನೀವೇ ಬರೆದು, ಬೆಂಗಳೂರಿನ ಸಿಜಿಎಚ್‌ಎಸ್ ಅಡಿಷನಲ್ ಡೈರೆಕ್ಟರ್ ಅವರಿಗೆ ಅರ್ಜಿ ಕೊಡಿ. ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲೂ ಅದೇ ದೂರನ್ನು ಹಾಕಿ. ಪಟ್ಟಿಯ ಇನ್ನೊಂದು ಆಸ್ಪತ್ರೆಯಲ್ಲಿ ವಿಚಾರಿಸುವುದನ್ನು ಅದಕ್ಕಾಗಿ ನಿಲ್ಲಿಸಬೇಡಿ.

ಈಗ ಮಗನ ಸಲಹೆ. ಪ್ರೀತಿಯಿಂದ ಹೇಳಿದ್ದಾನೆ, ಆದರೆ ಲೆಕ್ಕ ತಪ್ಪು. ಕ್ಯಾಷ್ ರೋಗಿಯಾಗಿ ಸೇರಿದರೆ ಬಿಲ್ ಆಸ್ಪತ್ರೆಯ ದರದಲ್ಲಿ ಆಗುತ್ತದೆ, ಮರಳಿ ಸಿಗುವುದು ಹೆಚ್ಚೆಂದರೆ ಸಿಜಿಎಚ್‌ಎಸ್ ದರದಲ್ಲಿ. ನಡುವಿನ ಅಂತರ ನಿಮ್ಮ ಎಫ್‌ಡಿಯಿಂದ ಹೋದದ್ದು ಹೋದದ್ದೇ. ಕ್ಯಾಷ್‌ಲೆಸ್ ಒಪ್ಪಿದ ಮೇಲೆ ‘ಒಳ್ಳೆ ಇಂಪ್ಲಾಂಟ್ ಬೇಕಾದರೆ ಮೇಲಿನದನ್ನು ನೀವು ಕೊಡಿ’ ಎಂಬ ಮಾತೂ ಬರಬಹುದು. ಮಂಡಿ ಇಂಪ್ಲಾಂಟುಗಳಿಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲೇ ಗರಿಷ್ಠ ಬೆಲೆ ಕಟ್ಟಿತು. ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಬಗೆಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಹಾಕುವುದು ಯಾವ ಬಗೆ, ಈಗಿನ ಮಿತಿ ಎಷ್ಟು ಎಂದು ಮೊದಲೇ ಕೇಳಿ, ಬಿಲ್ ಜೊತೆ ಅದರ ಸ್ಟಿಕ್ಕರ್ ಇಟ್ಟುಕೊಳ್ಳಿ.

ಎದೆನೋವು, ಲಕ್ವದಂಥ ತುರ್ತು ಬಂದರೆ ಇಷ್ಟೂ ಮರೆತುಬಿಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ಶಿವಕಾಂತ್ ಝಾ ಪ್ರಕರಣದಲ್ಲಿ ಹೇಳಿದೆ. ಅವರೂ ನಿಮ್ಮ ಹಾಗೆ ಕೇಂದ್ರ ಸರ್ಕಾರದ ನಿವೃತ್ತರು.

ಎಪ್ಪತ್ತು ದಾಟಿದವರ ಆಯುಷ್ಮಾನ್ ಕಾರ್ಡ್ ಬಗ್ಗೆಯೂ ಯಾರಾದರೂ ಕಿವಿಯೂದಬಹುದು. ಸಿಜಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನೇ ಆರಿಸಬೇಕು. ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದ ಮಿತಿ, ತಿಂಗಳ ಮಾತ್ರೆಗಳಿಗೆ ಏನೂ ಇಲ್ಲ. ಮನೆಯವರಿಗಂತೂ ಎಪ್ಪತ್ತೇ ಆಗಿಲ್ಲ. ಇದ್ದ ಕಾರ್ಡ್ ಬಿಡಬೇಡಿ.

ಇನ್ನು ಬಡಾವಣೆಯ ನರ್ಸಿಂಗ್ ಹೋಮಿನ ನಿಮ್ಮ ಹಳೆಯ ಡಾಕ್ಟರು. ಅವರ ಹತ್ತಿರ ಕೈಯಿಂದ ಫೀಸು ಕೊಟ್ಟು ಹೋಗಿ. ಮನೆಯವರ ಶುಗರ್ ಏರಿಳಿತವನ್ನು ಬಲ್ಲವರು ಅವರೇ. ಹಳೆಯ ರಿಪೋರ್ಟುಗಳ ಸಾರವನ್ನು ಒಂದು ಪುಟದಲ್ಲಿ ಬರೆಸಿಕೊಂಡು ಸರ್ಜನ್ನರಿಗೆ ಕೊಡಿ. ಮುಂದೂಡಲು ಒಂದು ನೆಪವಾದರೂ ಕಡಿಮೆಯಾಗುತ್ತದೆ. ಈ ಒಂದು ಖರ್ಚಿಗೆ ಕೈ ಬಿಗಿ ಹಿಡಿಯಬೇಡಿ. ಉಳಿದದ್ದಕ್ಕೆ ಸೋಮವಾರವೇ ಡಿಸ್ಪೆನ್ಸರಿಗೆ ಹೋಗಿ ರೆಫರಲ್ ಬರೆಸಿ, ಅಡಿಷನಲ್ ಡೈರೆಕ್ಟರ್‌ಗೆ ಅರ್ಜಿ ಕೊಡಬೇಕಾಗಿ ಬಂದರೆ ಅದರ ಒಂದು ಪ್ರತಿಗೆ ಮುದ್ರೆ ಹಾಕಿಸಿಕೊಂಡೇ ಬನ್ನಿ.