ಬೀಟಲ್‌ನ ಹಿಂಗಾಲಿನ ಹಟಮಾರಿ ನಟ್ಟು

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಬ್ರೇಕ್ ನೋಡಬೇಕೆಂದರೆ ಮೊದಲು ಎದುರಾಗುವುದು ಆಕ್ಸಲ್ ತುದಿಯ 36 ಮಿ.ಮೀ. ನಟ್ಟು. ಅದನ್ನು ಬಿಗಿದಿರುವುದೇ ಸುಮಾರು 300 ನ್ಯೂಟನ್ ಮೀಟರ್‌ಗೆ. ಮೇಲೆ ವರ್ಷಗಟ್ಟಲೆ ತುಕ್ಕು ಬೇರೆ.

ಹಿಂದಿನ ದಿನವೇ ಎಳೆಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ತುಂಡಾದರೆ ಚೂರು ಉಳಿಯದಂತೆ ತೆಗೆಯಿರಿ. ಇನ್ನು ಮುಖ್ಯವಾದದ್ದು: ಕಾರನ್ನು ಜಾಕ್ ಮೇಲೆ ಎತ್ತಲೇಬೇಡಿ. ನಾಲ್ಕೂ ಚಕ್ರ ನೆಲದ ಮೇಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಮೊದಲ ಗೇರಿಗೆ ಹಾಕಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಕ್ಕಾಲು ಇಂಚಿನ ಸಾಕೆಟ್ ಹಿಡಿಗೆ ಒಂದು ಮೀಟರ್ ಪೈಪ್ ತೊಡಿಸಿದರೆ, 60 ಕಿಲೋ ತೂಗುವವರು ತುದಿಯಲ್ಲಿ ಭಾರ ಬಿಟ್ಟರೂ ಬಿಗಿದದ್ದರ ಎರಡರಷ್ಟು ಬಲ ಸಿಗುತ್ತದೆ. ಜಗ್ಗಬೇಡಿ, ನಿಧಾನಕ್ಕೆ ಒತ್ತಿ. ಎರಡೂ ಕಡೆ ಮಾಮೂಲಿ ಬಲಗೈ ಎಳೆಯೇ, ಗೊಂದಲ ಬೇಡ. ಬೆಂಕಿ ಹಿಡಿಯುವ ಉಮೇದು ಕೆಲವರಿಗೆ. ಒಳಗಿನ ಆಯಿಲ್ ಸೀಲ್ ಸುಟ್ಟೀತು. ಎಣ್ಣೆ ಹಾಕಿದಲ್ಲಿ ಜ್ವಾಲೆಯಂತೂ ಕೂಡದೇ ಕೂಡದು.

ಮರಳಿ ಹಾಕುವಾಗ ಪಿನ್ನಿನ ರಂಧ್ರ ಸೇರದಿದ್ದರೆ ನಟ್ಟನ್ನು ಸಡಿಲಿಸಬೇಡಿ, ನಟ್ಟಿನ ಮುಂದಿನ ಸೀಳು ರಂಧ್ರಕ್ಕೆ ಸೇರುವ ತನಕ ಬಿಗಿಯಿರಿ. ಪಿನ್ ಹೊಸದೇ ಇರಲಿ.