ಆಳು ಮರ ಹತ್ತುವ ಮುನ್ನ: ಜಾವಗಲ್ ಸೀಮೆಯ ಯಜಮಾನರಿಗೆ ಒಂಬತ್ತು ಸೂತ್ರಗಳು

ನಮ್ಮ ಹೋಬಳಿಯಲ್ಲಿ ಕಾರ್ಖಾನೆ ಎಲ್ಲಿದೆ, ಕಾರ್ಮಿಕ ಕಾನೂನು ನಮಗೇಕೆ ಎಂದು ಕೇಳುವವರು ಜಾವಗಲ್‌ನಲ್ಲಿ ಬಹಳ ಮಂದಿ. ಬಾಣಾವರದ ಕಡೆಯಿಂದ ಹಳೇಬೀಡಿನ ಕಡೆಗೆ ಹೊರಟರೆ ಕಾಣುವುದು ತೆಂಗಿನ ತೋಟ, ಕೊಬ್ಬರಿ ಅಟ್ಟ, ರಾಗಿ ಕಣ, ಅರ್ಧಕ್ಕೆ ಎದ್ದ ಮನೆ. ಜನ ಬಿದ್ದು ಸೊಂಟ ಮುರಿದುಕೊಳ್ಳುವುದೂ ಕರೆಂಟು ಹೊಡೆಸಿಕೊಳ್ಳುವುದೂ ಇಂಥ ಕಡೆಗಳಲ್ಲೇ. ತೋಟವೋ ಮಂಡಿಯೋ ಮೇಸ್ತ್ರಿ ಕೆಲಸವೋ, ನಾಲ್ಕು ಆಳು ಇಟ್ಟು ಗೆಲ್ಲಬೇಕೆಂದಿರುವವರು ಇದನ್ನು ಓದಿಕೊಳ್ಳಲಿ.

1. ಕೆಲಸ ಹೇಳುವ ಮೊದಲು ಕತ್ತೆತ್ತಿ ನೋಡಿ. ತೋಟದ ಮೇಲೆ ತಂತಿ ಹಾದಿದ್ದರೆ ಕಬ್ಬಿಣದ ದೋಟಿ, ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಹಸಿ ಬಿದಿರೂ ಕರೆಂಟು ಹರಿಸುತ್ತದೆ. ಸೆಸ್ಕ್‌ನವರಿಗೆ ಹೇಳಿ ಲೈನ್ ಆಫ್ ಮಾಡಿಸಿಕೊಂಡೇ ಕಾಯಿ ಕೀಳಿಸಿ. 1912ಕ್ಕೆ ಕರೆ ಮಾಡಲು ಕಾಸು ಹೋಗುವುದಿಲ್ಲ. ಸುಳಿಯಲ್ಲಿ ಕಣಜದ ಗೂಡಿದ್ದರೆ ಆ ಮರ ಆ ದಿನಕ್ಕೆ ಬಿಡಿ. ಮಳೆ ಬಿದ್ದ ಬೆಳಿಗ್ಗೆ ಯಾವ ಮರವನ್ನೂ ಹತ್ತಿಸಬೇಡಿ.

2. ಕೆಳಗಿರುವವರ ತಲೆಗೆ ಹೆಲ್ಮೆಟ್ ಕೊಡಿ. ಈ ಊರಿನ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿದ್ದು ಜಾವಗಲ್ ಶ್ರೀನಾಥ್ ಅವರ ವೇಗದ ಬೌಲಿಂಗ್. ಅವರು ಎಸೆಯುತ್ತಿದ್ದ ಚೆಂಡಿನ ತೂಕ 160 ಗ್ರಾಮಿನ ಆಸುಪಾಸು. ಅದನ್ನು ಎದುರಿಸಲು ದಾಂಡಿಗರು ಹೆಲ್ಮೆಟ್ ತೊಟ್ಟು ನಿಲ್ಲುತ್ತಿದ್ದರು. ಐವತ್ತು ಅಡಿ ಎತ್ತರದಿಂದ ಬೀಳುವ ಕಾಯಿ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 60 ಕಿಲೋಮೀಟರ್, ಸಿಪ್ಪೆ ಸಮೇತ ತೂಕ ಕಿಲೋ ದಾಟುವುದೂ ಉಂಟು. ಅದರಡಿ ಬರಿಯ ಸೆರಗು ಹೊದ್ದ ಹೆಂಗಸು ಕಾಯಿ ಆಯುತ್ತಿರುತ್ತಾಳೆ! ಗೊನೆ ಬೀಳುವಾಗ ಆಯುವವರು ಮರದಿಂದ ದೂರವಿರಬೇಕು. ಹತ್ತಿದವನು ಮರ ಇಳಿದ ಮೇಲೆಯೇ ಆಯುವುದು. ಹತ್ತು ಅಥವಾ ಹೆಚ್ಚು ಜನರನ್ನು ದುಡಿಸುವವರು ಇಂಥ ರಕ್ಷಣಾ ಸಾಮಗ್ರಿಯ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ.

3. ಹತ್ತುವವನಿಗೆ ವಿಮೆ ಮಾಡಿಸಿ. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಯೋಜನೆ ಮರ ಹತ್ತುವವರಿಗೆಂದೇ ಇರುವ ಅಪಘಾತ ವಿಮೆ. ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಉಳಿದ ಚಿಲ್ಲರೆಯನ್ನು ಯಜಮಾನ ಕಟ್ಟಿದರೆ ಬಡವನಾಗುವುದಿಲ್ಲ. ಯಂತ್ರದಿಂದ ಮರ ಹತ್ತುವ ತರಬೇತಿಯನ್ನೂ ಮಂಡಳಿ 2011ರಿಂದ ಕೊಡಿಸುತ್ತ ಬಂದಿದೆ. ಊರಿನ ಇಬ್ಬರು ಹುಡುಗರು ಕಲಿತು ಬಂದರೆ ಸುತ್ತಲಿನ ತೋಟಗಳಿಗೆಲ್ಲ ಅನುಕೂಲ. ಯಂತ್ರ ಕೊಂಡು ಸೊಂಟದ ಬೆಲ್ಟನ್ನು ಮೊಳೆಗೆ ನೇತುಹಾಕುವವರೂ ಇದ್ದಾರೆ. ಅವರಿಗೆ ಹೇಳಿ ಪ್ರಯೋಜನವಿಲ್ಲ.

4. ಒಂದು ಸಲ ಕೂತು ಲೆಕ್ಕ ಹಾಕಿ. 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರ ಇಷ್ಟೇ: ಕೆಲಸದಲ್ಲಿ ಸತ್ತರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಬೇಕು. 2020ರ ಜನವರಿಯ ಕೇಂದ್ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. ನಲವತ್ತು ವರ್ಷದವನ ಅಂಕಿ 184.17. ಅಂದರೆ 13,81,275 ರೂಪಾಯಿ. ಇಪ್ಪತ್ತೈದರ ಹುಡುಗನಾದರೆ 16 ಲಕ್ಷ ದಾಟುತ್ತದೆ. ಬದುಕಿ ಪೂರ್ತಿ ಅಂಗವಿಕಲನಾದರೆ ಅರ್ಧದ ಬದಲು ಶೇ. 60. ಆಸ್ಪತ್ರೆ ಖರ್ಚು ಬೇರೆ. ಈ ನಿಯಮಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕಾಯ್ದೆಯ ಪಟ್ಟಿಯಲ್ಲಿ ಇಂತಿಂಥ ಕೆಲಸ ಎಂದಿದೆ: ಕಟ್ಟಡ ಕೆಲಸ, ಮರ ಕಡಿಯುವುದು, ಹೊಲಕ್ಕೆ ಔಷಧಿ ಹೊಡೆಯುವುದು, ಯಂತ್ರದ ಒಕ್ಕಣೆ, ಟ್ರ್ಯಾಕ್ಟರ್ ಉಳುಮೆ ಹೀಗೆ. ನಿಮ್ಮ ಕೆಲಸ ಪಟ್ಟಿಗೆ ಬರುತ್ತದೋ ಇಲ್ಲವೋ ಎಂದು ವಕೀಲರನ್ನು ಕೇಳಬೇಕಾದದ್ದು ಇವತ್ತು, ಆಳು ಬಿದ್ದ ಮೇಲಲ್ಲ.

ಕೈ ಹೋದವನ ಲೆಕ್ಕ ಇನ್ನೂ ಸೂಕ್ಷ್ಮ. ಸಿನಿಮಾ ಮಂದಿರವೊಂದರಲ್ಲಿ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ, ಹಾಗಾಗಿ ಇದು ನೂರಕ್ಕೆ ನೂರು ನಷ್ಟ ಎಂದು ಹೇಳಿತು. ಪರಿಹಾರದ ಬಾಕಿ ಅಪಘಾತದ ದಿನದಿಂದಲೇ ಶುರು ಎಂದೂ ಹೇಳಿತು. ಆಗಿನ್ನೂ 1975. ಮರ ಹತ್ತುವವನ ಕಾಲಿಗೂ ಗಾರೆಯವನ ಬಲಗೈಗೂ ಇದೇ ನ್ಯಾಯ ಕೇಳಬಹುದು.

5. ‘ಅವನು ದಿನಗೂಲಿ’, ‘ಅವನು ಮೇಸ್ತ್ರಿ ಕಡೆಯವನು’, ‘ಅವನು ಕುಡಿದಿದ್ದ’. ಈ ಮೂರನ್ನೂ ಮರೆತುಬಿಡಿ. ಆಗೀಗ ಬರುವ ಆಳಿಗೆ ಪರಿಹಾರವಿಲ್ಲ ಎಂಬ ಮಾತನ್ನು 2000ದ ತಿದ್ದುಪಡಿ ಕಿತ್ತುಹಾಕಿತು. ನಿಮ್ಮ ವ್ಯಾಪಾರದ್ದೇ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ, ಉದಾಹರಣೆಗೆ ಕೊಬ್ಬರಿ ಮಂಡಿಯವರು ಕಾಯಿ ಸುಲಿಸಿದರೆ, ಮೊದಲು ನೀವು ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಿ. ಕುಡಿತದ ವಾದ ಸಣ್ಣ ಗಾಯಕ್ಕೆ ನಡೆದೀತು, ಸಾವಿಗೂ ಪೂರ್ತಿ ಅಂಗವೈಕಲ್ಯಕ್ಕೂ ನಡೆಯುವುದಿಲ್ಲ.

6. ಅರಳಿಕಟ್ಟೆಯ ರಾಜಿಗೆ ಕೂರಬೇಡಿ. ಹಳ್ಳಿಗಳಲ್ಲಿ ದೊಡ್ಡ ಮೋಸ ನಡೆಯುವುದು ಇಲ್ಲೇ, ಎರಡೂ ಕಡೆಯವರು ಮೋಸ ಹೋಗುತ್ತಾರೆ. ತಿಥಿ ಮುಗಿಯುವ ಮೊದಲೇ ನಾಲ್ಕು ಜನ ಹಿರಿಯರು ಸೇರಿ, ‘ನೋಡಮ್ಮ, ಯಜಮಾನರು ಒಳ್ಳೆಯವರು, ಒಂದು ಲಕ್ಷ ಕೊಡ್ತಾರೆ, ಕೇಸು ಗೀಸು ಬೇಡ’ ಎಂದು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಹಕ್ಕು ಬಿಟ್ಟುಕೊಟ್ಟೆ ಎಂಬ ಆ ಬರಹಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಅಷ್ಟೇ ಅಲ್ಲ, ಸಾವಿನ ಪರಿಹಾರವನ್ನು ಪರಿಹಾರ ತೀರ್ಮಾನಿಸುವ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಮನೆಯವರ ಕೈಗೆ ನೇರ ಕೊಟ್ಟದ್ದನ್ನು, ಮೂರು ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟರೆ, 1923ರ ಕಾಯ್ದೆ ಕೊಟ್ಟದ್ದೆಂದೇ ಎಣಿಸುತ್ತಿರಲಿಲ್ಲ. ಆ ವಿಧವೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಯಜಮಾನ ಮತ್ತೆ ಪೂರ್ತಿ ತೆರಬೇಕಾಗಿತ್ತು; ತಿಂಗಳು ಮೀರಿದ ಬಾಕಿಗೆ ಶೇ. 12 ಬಡ್ಡಿ, ಮೇಲೆ ಅರ್ಧದವರೆಗೆ ದಂಡ. ಹಿರಿಯರ ಮುಂದೆ ಎಣಿಸಿದ ಲಕ್ಷ ನೀರಲ್ಲಿ ಹಾಕಿದಂತೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದು ರುಜುವಾತಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು. ಅದನ್ನು ಯಾವ ಕಟ್ಟೆಯೂ ತಪ್ಪಿಸಲಾರದು.

7. ಒಕ್ಕಣೆ ಯಂತ್ರದ ಬಳಿ ಸಡಿಲ ಬಟ್ಟೆ ಬೇಡ. ಸೆರಗು ಬಿಗಿದು ಕಟ್ಟಲಿ, ಟವೆಲ್ಲು ಕೊರಳಲ್ಲಿ ಇರದಿರಲಿ, ಬೆಲ್ಟಿಗೆ ಮುಚ್ಚಳ ಇರಲಿ. ಈ ಯಂತ್ರಗಳು ಎಷ್ಟು ಕೈ ತಿಂದವೆಂದರೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಬಗ್ಗೆ ಬೇರೆಯೇ ಕಾಯ್ದೆ ಮಾಡಬೇಕಾಯಿತು. ರಾತ್ರಿ ಒಕ್ಕಣೆ ಬಿಡಿ.

8. ಕಾಯಿ ಲೋಡಿನ ಮೇಲೆ ಜನ ಕೂರಿಸಬೇಡಿ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬುದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮಾತು. ಟೆಂಪೊ ಮಗುಚಿದರೆ ದುಡ್ಡು ನಿಮ್ಮ ಮನೆಯಿಂದ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ, ಕೆಲಸದೊಡನೆ ಅದಕ್ಕೆ ನಂಟಿದ್ದರೆ, ಪರಿಹಾರದ ವ್ಯಾಪ್ತಿಗೆ ಬಂದಿದೆ.

9. ಶೌಚದ ಗುಂಡಿಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚರಂಡಿ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಸಕ್ಕಿಂಗ್ ಯಂತ್ರದ ಗಾಡಿ ತರಿಸಿ. ಹಾಳು ಬಾವಿಗೂ ಇದೇ ಎಚ್ಚರ ಇರಲಿ. ಒಳಗೆ ಇಳಿದವನು ಕೂಗಿಗೆ ಓಗೊಡದಿದ್ದರೆ ಅವನ ಹಿಂದೆ ಇನ್ನೊಬ್ಬ ಇಳಿಯಬಾರದು. 112ಕ್ಕೆ ಕರೆ ಹೋಗಬೇಕು. ಮರದಿಂದ ಬಿದ್ದವನನ್ನು ಎತ್ತಿ ಆಟೊದಲ್ಲಿ ಮಡಚಿ ಕೂರಿಸುವ ಅಭ್ಯಾಸವೂ ನಿಲ್ಲಲಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆಟೊದ ಆ ಕುಲುಕಾಟಕ್ಕೇ ಕಾಲು ಶಾಶ್ವತವಾಗಿ ಹೋದೀತು. ಕತ್ತು ಅಲುಗದಂತೆ ಹಿಡಿದುಕೊಂಡು 108 ಬರುವವರೆಗೆ ಅಲ್ಲೇ ಮಲಗಿಸಿ. ಸಾಗಿಸಲೇಬೇಕಾದರೆ ಅಟ್ಟದ ಹಲಗೆಯೊಂದನ್ನು ಕಿತ್ತು ಅದರ ಮೇಲೆ ಸಾಗಿಸಿ.