ಆನೆಯ ಬುರುಡೆಯೂ ಕೋವಿಯ ಗುಂಡೂ

ಕೋವಿಯ ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎಂದು ಹೆಸರು. ಆಫ್ರಿಕದ ಆನೆ, ಕಾಡೆಮ್ಮೆಗಳ ಬೇಟೆಗೆ ಎಷ್ಟು ಕ್ಯಾಲಿಬರಿನ ರೈಫಲು ಬೇಕು? ದೊಡ್ಡ ಪ್ರಾಣಿಗೆ ದೊಡ್ಡ ಗುಂಡು ಎಂದು ಯಾರಾದರೂ ಉತ್ತರಿಸಿಯಾರು. ಆದರೆ 20ನೆಯ ಶತಮಾನದ ಆರಂಭದಲ್ಲಿ ಡಬ್ಲ್ಯು. ಡಿ. ಎಂ. ಬೆಲ್ ಎಂಬ ಸ್ಕಾಟ್ಲೆಂಡಿನ ಬೇಟೆಗಾರನು ದಂತಕ್ಕಾಗಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದನು (ಇದನ್ನು ಇಂದು ಯಾರೂ ಹೊಗಳಲಾರರು). ಅವುಗಳಲ್ಲಿ ಬಹಳಷ್ಟು ಉರುಳಿದುದು ಕೇವಲ 7 ಮಿಲಿಮೀಟರ್ ರೈಫಲಿನಿಂದ!

ಇದು ಹೇಗೆ ಸಾಧ್ಯವಾಯಿತು? ಆನೆಯ ಮಿದುಳು ಜೇನುಗೂಡಿನಂತಹ ಟೊಳ್ಳು ಮೂಳೆಯ ಹಿಂದೆ ಬಹು ಆಳದಲ್ಲಿ ಅಡಗಿದೆ. ಅಲ್ಲಿಗೆ ತಲಪಬೇಕಾದ ಗುಂಡಿಗೆ ಚಪ್ಪಟೆಯಾಗದಂತೆ ಗಟ್ಟಿ ಲೋಹದ ಕವಚವಿರಬೇಕು. ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೂ ಸಾಕಷ್ಟು ತೂಕವಿರಬೇಕು. ಬೆಲ್ಲನ ಗುಂಡಿನ ತೂಕ 11.2 ಗ್ರಾಂ, ವ್ಯಾಸ 7.2 ಮಿ.ಮೀ. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯು ಹೊರತಂದ .375 ಅಂಗುಲದ ರೈಫಲಿನ ಗುಂಡು 19.4 ಗ್ರಾಂ, 9.5 ಮಿ.ಮೀ. ವಾಚಕರೇ ಭಾಗಿಸಿ ನೋಡಲಿ: ಎರಡರಲ್ಲಿಯೂ ಉತ್ತರ ಸುಮಾರು 0.27 ಗ್ರಾಂ!

ಹಾಗಾದರೆ ಆಫ್ರಿಕದ ಹಲವು ದೇಶಗಳ ಕಾನೂನು ಅಪಾಯಕಾರಿ ಮೃಗಗಳಿಗೆ .375 ಅನ್ನೇ ಕನಿಷ್ಠವೆಂದು ವಿಧಿಸಿರುವುದೇಕೆ? ಎಲ್ಲರೂ ಬೆಲ್ಲನಂತೆ ಗುರಿಕಾರರಲ್ಲ. ಮಿದುಳು ತಪ್ಪಿದರೆ ಸಣ್ಣ ಗುಂಡಿನ ಕಿರಿದಾದ ಗಾಯದಿಂದ ಪ್ರಾಣಿ ಬೇಗನೆ ಸಾಯದು; ಪೊದೆಯೊಳಗೆ ದಿನಗಟ್ಟಲೆ ನರಳೀತು, ಇಲ್ಲವೇ ಹುಡುಕಿ ಬಂದವನ ಮೇಲೆಯೇ ಎರಗೀತು. .375ರ ಗುಂಡಿನ ಚಲನಶಕ್ತಿ ಸುಮಾರು 5,700 ಜೂಲ್, ಬೆಲ್ಲನದರ ಇಮ್ಮಡಿ. ಗಾಯವೂ ಅಗಲ.

ಇನ್ನೂ ದೊಡ್ಡದಾದ .458 ವಿಂಚೆಸ್ಟರ್ 1956ರಲ್ಲಿ ಬಂದಿತು. ಆದರೆ ನ್ಯೂಟನ್ನನ ಮೂರನೆಯ ನಿಯಮವು ಭುಜವನ್ನು ಬಿಡದು. ಅದರ ಒದೆತಕ್ಕೆ ಅಂಜಿ ಕಣ್ಣುಮುಚ್ಚಿ ಟ್ರಿಗರ್ ಎಳೆಯುವವನಿಗೆ .375 ಲೇಸು.